ಎರಡೇ ಪೆಗ್ ಅಂದರೆ ಎಷ್ಟು ಮಿ.ಲೀ.?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಮನೆ ಸುರತ್ಕಲ್‌ನಲ್ಲಿ, ಕೆಲಸ ಪಣಂಬೂರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ. ಕೊರೊನಾ ಬರುವವರೆಗೆ ಶನಿವಾರ ರಾತ್ರಿ ಮಾತ್ರ ಕುಡಿಯುತ್ತಿದ್ದೆ. ಈಗ ಶುಕ್ರವಾರ, ಶನಿವಾರ, ಸೋಮವಾರ, ಮಂಗಳವಾರ ರಾತ್ರಿ ಒಂಬತ್ತಕ್ಕೆ ಕೂತು ಎರಡೇ ಪೆಗ್ ವಿಸ್ಕಿ, ಹತ್ತೂವರೆಗೆ ಊಟ, ನಿದ್ದೆ. ಶುಕ್ರವಾರ ತಂದ ಫುಲ್ ಬಾಟಲಿ ಮಂಗಳವಾರ ಮುಗಿಯುತ್ತದೆ. ಮನೆಯಲ್ಲಿ ಕುಡಿಯುವವ ನಾನೊಬ್ಬನೇ. ಭಾನುವಾರ ಮಧ್ಯಾಹ್ನ ಭಾವನ ಜೊತೆ ಎರಡು ಸ್ಟ್ರಾಂಗ್ ಬಿಯರ್. ಬುಧವಾರ, ಗುರುವಾರ ಮುಟ್ಟುವುದಿಲ್ಲ. ಗಲಾಟೆ ಮಾಡಿದ್ದಿಲ್ಲ, ಕುಡಿದ ಕಾರಣಕ್ಕೆ ಒಂದು ದಿನವೂ ರಜೆ ಹಾಕಿದ್ದಿಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಐದೂವರೆಗೆ ಎದ್ದು ಬೀಚ್ ಕಡೆಗೆ ವಾಕಿಂಗ್ ಹೋಗುತ್ತಿದ್ದವನು ಈಗ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಆಫೀಸಿನ ಚೆಕಪ್‌ನಲ್ಲಿ ಬಿಪಿ 144/92, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಬಂದಿದೆ. ತಂದೆಯವರು ದಿನಾ ಕಲಿ (ಶೇಂದಿ) ಕುಡಿದೇ 84 ವರ್ಷ ಬದುಕಿದವರು. ವಿಸ್ಕಿ ಬಿಟ್ಟು ಕಲಿಯೋ ರೆಡ್ ವೈನೋ ತೆಗೆದುಕೊಂಡರೆ ಸರಿಹೋಗುತ್ತದಾ? ಪೂರ್ತಿ ಬಿಡುವ ಮನಸ್ಸಿಲ್ಲ. ದಿನಚರಿ ಕೆಡದ ಹಾಗೆ ಕುಡಿಯುವುದು ಹೇಗೆ? ನಾನು ಕುಡುಕ ಆಗುತ್ತಿದ್ದೇನೆ ಅಂತ ಹೆಂಡತಿ ಹೇಳುತ್ತಾಳೆ. ಮೊನ್ನೆ ಒಂಬತ್ತನೇ ಕ್ಲಾಸಿನ ಮಗಳು ಟ್ಯೂಷನ್‌ಗೆ ಹೊರಡುವಾಗ, ‘ರಾತ್ರಿ ಕರ್ಕೊಂಡು ಬರ್ಲಿಕ್ಕೆ ನೀವು ಬರ್ತೀರಾ, ಅಮ್ಮ ಬರ್ತಾರಾ?’ ಅಂತ ಕೇಳಿದಳು. ಟ್ಯೂಷನ್ ಬಿಡುವುದು ಒಂಬತ್ತೂಕಾಲಿಗೆ. ಆ ಮಾತು ಮನಸ್ಸಿನಲ್ಲೇ ಕೂತಿದೆ.
ಹೆಸರು ಬೇಡ, ಸುರತ್ಕಲ್

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾವುದನ್ನು ಕುಡಿಯಬೇಕು, ಹೇಗೆ ಕುಡಿಯಬೇಕು ಅಂತ ನೀವು ಕೇಳಿದ್ದೀರಿ. ಆದರೆ ಪತ್ರ ಬರೆಯುವ ಹಾಗೆ ಮಾಡಿದ್ದು ಬಿಪಿಯೂ ಅಲ್ಲ, ಲಿವರೂ ಅಲ್ಲ, ಮಗಳ ಆ ಒಂದು ಪ್ರಶ್ನೆ ಅಂತ ನನಗೆ ಅನಿಸಿತು. ಅವಳು ದೂರು ಹೇಳಲಿಲ್ಲ, ಅಳಲಿಲ್ಲ. ಒಂಬತ್ತು ಗಂಟೆಯ ಮೇಲೆ ಅಪ್ಪ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ತಿಳಿದುಕೊಂಡು, ಅದಕ್ಕೆ ತಕ್ಕ ಹಾಗೆ ತನ್ನ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದಾಳೆ. ನೀವು ಅದನ್ನು ಗಮನಿಸಿದ್ದೀರಿ, ಬರೆದೂ ಇದ್ದೀರಿ. ನನ್ನ ಅನುಭವದಲ್ಲಿ ಇಷ್ಟು ಬೇಗ ಇದನ್ನು ಗಮನಿಸುವವರು ಕಡಿಮೆ.

ನಿಮ್ಮ ಪತ್ರದಷ್ಟರಿಂದಲೇ ಹೇಳುವುದಾದರೆ, ನಿಮ್ಮದು ಇನ್ನೂ ಕೈಮೀರಿದ ಚಟದ ಹಾಗೆ ಕಾಣುವುದಿಲ್ಲ. ಆದರೆ ಇದು ಮಿತಿಯ ಕುಡಿತವೂ ಅಲ್ಲ. ಮಿತಿ ಅಂತ ಹಿಡಿಯುವ ಲೆಕ್ಕದ ಮೂರು ಪಾಲು ನೀವು ಕುಡಿಯುತ್ತಿದ್ದೀರಿ. ಎರಡೇ ಪೆಗ್ಗಿಗೆ ಮೂರು ಪಾಲು ಹೇಗೆ ಅಂತ ಕೇಳುತ್ತೀರಿ. ನಿಮ್ಮ ಬಾಟಲಿಯೇ ಅದಕ್ಕೆ ಉತ್ತರ ಕೊಡುತ್ತದೆ.

ಫುಲ್ ಬಾಟಲಿ ಅಂದರೆ 750 ಮಿ.ಲೀ. ದೊಡ್ಡ ಪೆಗ್ 60 ಮಿ.ಲೀ. ನಾಲ್ಕು ರಾತ್ರಿ ಎರಡೆರಡು ಪೆಗ್ ಅಂದರೆ ಎಂಟು ಪೆಗ್, 480 ಮಿ.ಲೀ. ಮಂಗಳವಾರ ರಾತ್ರಿ ಬಾಟಲಿಯಲ್ಲಿ 270 ಮಿ.ಲೀ. ಉಳಿದಿರಬೇಕಿತ್ತು. ಉಳಿಯುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಅಂದರೆ ನಿಮ್ಮ ಮನೆಯ ಒಂದು ಪೆಗ್ ಸುಮಾರು 94 ಮಿ.ಲೀ. ಎರಡು ಪೆಗ್ ಅಂತ ನೀವು ಕುಡಿಯುತ್ತಿರುವುದು ಬಾರಿನ ಅಳತೆಯಲ್ಲಿ ಮೂರು ದೊಡ್ಡ ಪೆಗ್, ಒಂದು ಕ್ವಾರ್ಟರಿಗಿಂತ (180 ಮಿ.ಲೀ.) ಸ್ವಲ್ಪ ಹೆಚ್ಚು.

ನೀವು ಸುಳ್ಳು ಹೇಳಿದಿರಿ ಅಂತ ಖಂಡಿತ ಅಲ್ಲ. ಕೆಲವು ವರ್ಷದ ಹಿಂದೆ ಕುಳಾಯಿ ಊರಿನ ಕಡೆಯ ಒಬ್ಬರು ಇದೇ ತರದ ತೊಂದರೆಗೆ ಬಂದಿದ್ದರು. ಮುಂದಿನ ಸಲ ಬರುವಾಗ ಮನೆಯಲ್ಲಿ ಕುಡಿಯುವ ಗ್ಲಾಸನ್ನೇ ತನ್ನಿ ಅಂದೆ. ಪೇಪರಿನಲ್ಲಿ ಸುತ್ತಿ ತಂದರು, ತಳ ದಪ್ಪ ಇರುವ ಅಗಲದ ಗ್ಲಾಸು. ನೀರಿನ ಬಾಟಲಿ ಕೊಟ್ಟು, ದಿನಾ ಹಾಕುವ ಹಾಗೆ ಒಂದು ಪೆಗ್ ಹಾಕಿ ತೋರಿಸಿ ಅಂದೆ. ಹಾಕಿದರು. ಅದನ್ನು ಅಳತೆಯ ಜಾರಿಗೆ ಸುರಿದಾಗ 105 ಮಿ.ಲೀ. ಬಂತು. ಕೈ ತಪ್ಪಿರಬೇಕು ಅಂತ ಇನ್ನೊಮ್ಮೆ ಜಾಗ್ರತೆಯಿಂದ ಹಾಕಿದರು, 90 ಬಂತು. ಜಾರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡುತ್ತ ಕೂತರು. ಆಮೇಲೆ, ‘ಬಾರಲ್ಲಿ ಅಳೆದು ಕೊಡ್ತಾರೆ ಡಾಕ್ಟ್ರೇ, ಮನೆಯಲ್ಲಿ ಕಣ್ಣಂದಾಜು’ ಅಂದರು. ಅಗಲದ ಗ್ಲಾಸಿನಲ್ಲಿ 60 ಮಿ.ಲೀ. ತಳದಲ್ಲಿ ಅಂಟಿಕೊಂಡ ಹಾಗೆ ಕಾಣುತ್ತದೆ, ಕಣ್ಣಿಗೆ ಸಾಲದು. ಎಲ್ಲರ ಕಣ್ಣಿಗೂ ಹೀಗೇ ಆಗುತ್ತದೆ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆಯ ಮುಚ್ಚಳ ಮನೆಯಲ್ಲಿ ಇದ್ದೇ ಇರುತ್ತದೆ. ಇವತ್ತೇ ಅದರಲ್ಲಿ ನೀರು ಅಳೆದು ನೋಡಿ.

ಇನ್ನು ಮಿ.ಲೀ.ಯಿಂದ ಗ್ರಾಮಿಗೆ ಬರೋಣ. ಲಿವರಿಗೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ, ಒಳಗೆ ಎಷ್ಟು ಗ್ರಾಂ ಆಲ್ಕೋಹಾಲ್ ಬಂತು ಅನ್ನುವುದಷ್ಟೇ ಅದಕ್ಕೆ ಲೆಕ್ಕ. ಇಲ್ಲಿ ಸಿಗುವ ಹೆಚ್ಚಿನ ವಿಸ್ಕಿ, ಬ್ರಾಂಡಿ, ರಮ್ಮುಗಳ ಲೇಬಲ್ ಮೇಲೆ 42.8% ಅಂತ ಇರುತ್ತದೆ. ಆ ಲೆಕ್ಕದಲ್ಲಿ 30 ಮಿ.ಲೀ. ಸಣ್ಣ ಪೆಗ್ಗಿನಲ್ಲಿ 10 ಗ್ರಾಂ. ನಿಮ್ಮ ಒಂದು ರಾತ್ರಿಗೆ 63 ಗ್ರಾಂ. 650 ಮಿ.ಲೀ. ಸ್ಟ್ರಾಂಗ್ ಬಿಯರ್ 8% ಇದ್ದರೆ ಒಂದು ಬಾಟಲಿಯಲ್ಲಿ 41 ಗ್ರಾಂ, ನಾಲ್ಕು ಸಣ್ಣ ಪೆಗ್ಗಿಗೆ ಸಮ. ಬಿಯರ್ ಕುಡಿದರೆ ಕುಡಿದ ಲೆಕ್ಕವೇ ಅಲ್ಲ ಅನ್ನುವ ಮಾತು ನಮ್ಮ ಕಡೆ ಎಷ್ಟು ಬೇರೂರಿದೆ ಅಂದರೆ, ಎಷ್ಟು ಕುಡಿಯುತ್ತೀರಿ ಅಂತ ನಾನು ಕೇಳಿದಾಗ ಬಿಯರನ್ನು ಸೇರಿಸಿ ಹೇಳುವವರೇ ಅಪರೂಪ. ಭಾನುವಾರದ ನಿಮ್ಮ ಎರಡು ಬಾಟಲಿ 82 ಗ್ರಾಂ. ವಾರದ ಬೇರೆ ಯಾವ ರಾತ್ರಿಗಿಂತಲೂ ಅದೇ ಹೆಚ್ಚು.

ಎಲ್ಲ ಸೇರಿದರೆ ವಾರಕ್ಕೆ ಸುಮಾರು 335 ಗ್ರಾಂ. ಬ್ರಿಟನ್ನಿನ ಆರೋಗ್ಯ ಇಲಾಖೆ 2016ರಲ್ಲಿ ಹೇಳಿದ ಮಿತಿ ವಾರಕ್ಕೆ 112 ಗ್ರಾಂ, ಅದೂ ಒಂದೇ ದಿನಕ್ಕಲ್ಲ, ಮೂರು ದಿನವೋ ಅದಕ್ಕಿಂತ ಹೆಚ್ಚೋ ಹಂಚಿ. ನಮ್ಮವರಿಗೆ ಅದಕ್ಕಿಂತಲೂ ಕೆಳಗಿದ್ದರೆ ಒಳ್ಳೆಯದು ಅನ್ನುವವನು ನಾನು. ಮಿತಿಯೊಳಗೆ ಇದ್ದರೆ ಅಪಾಯವೇ ಇಲ್ಲ ಅಂತಲೂ ತಿಳಿಯಬೇಡಿ. ಎಷ್ಟು ಕಡಿಮೆ ಕುಡಿದರೂ ಅದು ಪೂರ್ತಿ ಸುರಕ್ಷಿತ ಅಂತ ಹೇಳುವ ಹಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನದ ಕ್ಯಾನ್ಸರಿಗೂ ಆಲ್ಕೋಹಾಲಿಗೂ ನೇರ ಸಂಬಂಧ ಉಂಟು. ಜೊತೆಗೆ ಸಿಗರೇಟೋ ಗುಟ್ಕಾವೋ ಇದ್ದರೆ ಬಾಯಿ, ಗಂಟಲಿನ ಅಪಾಯ ಹಲವು ಪಟ್ಟು ಏರುತ್ತದೆ. ನೀವು ಸಿಗರೇಟಿನ ವಿಷಯ ಬರೆದಿಲ್ಲ. ಕುಡಿಯುವಾಗ ಮಾತ್ರ ಒಂದೆರಡು ಸೇದುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ.

ಈಗ ಮೂರು ಗಂಟೆಯ ಎಚ್ಚರಕ್ಕೆ ಬರುತ್ತೇನೆ. ನೀವು ಕೇಳಿದ ದಿನಚರಿಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ನಮ್ಮ ಲಿವರ್ ಒಂದು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಸ್ಟ್ರಾಂಗ್ ಕಾಫಿ, ನಿಂಬೆ ಶರಬತ್ತು, ತಣ್ಣೀರಿನ ಸ್ನಾನ, ವಾಂತಿ ಯಾವುದರಿಂದಲೂ ಅದರ ವೇಗ ಹೆಚ್ಚುವುದಿಲ್ಲ. ಒಂಬತ್ತಕ್ಕೆ ಶುರುವಾದ 63 ಗ್ರಾಂ ಪೂರ್ತಿ ಹೋಗಲಿಕ್ಕೆ ಆರರಿಂದ ಒಂಬತ್ತು ಗಂಟೆ ಬೇಕು. ಅಂದರೆ ಬೆಳಗಿನ ಜಾವ ಮೂರಕ್ಕೋ, ಕೆಲವು ದಿನ ಆರಕ್ಕೋ ಅದು ಮುಗಿಯುತ್ತದೆ. ಐದೂವರೆಗೆ ಎದ್ದು ಬೀಚಿಗೆ ಹೊರಟಾಗ ನಿಮ್ಮ ರಕ್ತದಲ್ಲಿ ಹಿಂದಿನ ರಾತ್ರಿಯದ್ದು ಇನ್ನೂ ಉಳಿದಿರಬಹುದು.

ಮಿದುಳಿನಲ್ಲಿ ಏನಾಗುತ್ತದೆ ಅಂದರೆ, ಆಲ್ಕೋಹಾಲು ಮಿದುಳಿನ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಆ ಹಾಯೆನಿಸುವಿಕೆಗೆ ಕಾರಣ ಅದೇ. ಬ್ರೇಕ್ ಒತ್ತಿದ್ದನ್ನು ಸರಿದೂಗಿಸಲು ಮಿದುಳು ತನ್ನಷ್ಟಕ್ಕೆ ಆಕ್ಸಿಲರೇಟರ್ ತಿರುಗಿಸುತ್ತ ಹೋಗುತ್ತದೆ. ಮೊದಲ ಮೂರು ನಾಲ್ಕು ಗಂಟೆ ಕಲ್ಲಿನ ಹಾಗೆ ನಿದ್ದೆ. ಅಷ್ಟರಲ್ಲಿ ಆಲ್ಕೋಹಾಲು ಇಳಿಯುತ್ತದೆ, ಬ್ರೇಕು ಸಡಿಲವಾಗುತ್ತದೆ, ಆಕ್ಸಿಲರೇಟರ್ ಮಾತ್ರ ತಿರುಗಿಸಿದಲ್ಲೇ ಇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಕೆಟ್ಟ ಕನಸು ಬೀಳುತ್ತದೆ, ಎಂದೋ ಆದ ಆಫೀಸಿನ ಮಾತು ನೆನಪಾಗಿ ಹೆದರಿಕೆಯಾಗುತ್ತದೆ. ಮೂತ್ರವನ್ನು ತಡೆಯುವ ಹಾರ್ಮೋನನ್ನು ಆಲ್ಕೋಹಾಲು ಕುಗ್ಗಿಸುವುದರಿಂದ ಬಾತ್‌ರೂಮಿಗೆ ಏಳಬೇಕಾಗುತ್ತದೆ, ಬಾಯಿ ಒಣಗುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ ಹೆಚ್ಚುತ್ತದೆ. ಗೊರಕೆಯ ನಡುವೆ ಉಸಿರು ನಿಂತ ಹಾಗೆ ಆಗುತ್ತದೆಯಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ನಿದ್ದೆಯ ಪರೀಕ್ಷೆ ಬೇಕು, ಯಾಕೆಂದರೆ ಅದೂ ಬಿಪಿಯನ್ನು ಏರಿಸುತ್ತದೆ.

ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಅನ್ನುವುದರಲ್ಲಿ ಅರ್ಧ ಮಾತ್ರ ನಿಜ. ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುವೆ ಕಿತ್ತುಹೋಗುತ್ತದೆ. ಮಾರನೇ ದಿನದ ಸುಸ್ತು, ಸಿಡುಕು, ಸಂಜೆಯ ಹೊತ್ತಿಗೆ ‘ಇವತ್ತು ಒಂದು ಬೇಕು’ ಅನಿಸುವುದು, ಇವು ಬೇರೆ ಬೇರೆ ಅಲ್ಲ. ಇಲ್ಲಿ ಒಂದು ಎಚ್ಚರಿಕೆ. ಮೂರು ಗಂಟೆಗೆ ಎಚ್ಚರವಾಗುತ್ತದೆ ಅಂತ ಯಾರ ಹತ್ತಿರವೋ ಕೇಳಿ ಅಲ್ಪ್ರಜೋಲಾಮಿನಂಥ ನಿದ್ದೆಯ ಮಾತ್ರೆ ತೆಗೆದುಕೊಳ್ಳಬೇಡಿ. ವಿಸ್ಕಿಯ ಜೊತೆ ಅದು ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ತಲೆನೋವಿಗೆ ಪ್ಯಾರಾಸಿಟಮಾಲನ್ನು ಮೇಲಿಂದ ಮೇಲೆ ನುಂಗುವುದೂ ಲಿವರಿಗೆ ಭಾರ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಓದುಗರು ಇದ್ದರೆ, ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗುವುದು ನಿಮಗೆ ಪ್ರಾಣಾಪಾಯ. ನಿದ್ದೆಯಲ್ಲೇ ಸಕ್ಕರೆ ಇಳಿದುಹೋದರೆ ಪಕ್ಕದಲ್ಲಿದ್ದವರು ಅಮಲು ಅಂತಲೇ ತಿಳಿಯುತ್ತಾರೆ.

ತಂದೆಯವರ ಕಲಿಯ ವಿಷಯ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಕಲಿ ಅಂದರೆ ನಮ್ಮ ಊರಿನಲ್ಲಿ ಬರೀ ಅಮಲಲ್ಲ. ಮೂರ್ತೆಯ ಕೆಲಸ, ಅಂದರೆ ಮರದಿಂದ ಕಲಿ ಇಳಿಸುವುದು, ಎಷ್ಟೋ ಮನೆಗಳನ್ನು ಸಾಕಿದೆ, ಕೆಲವು ದೈವಗಳ ಸೇವೆಯಲ್ಲಿ ಅದಕ್ಕೆ ಸ್ಥಾನ ಉಂಟು, ಕ್ರಿಶ್ಚಿಯನ್ ಮನೆಗಳ ಸಾನ್ನಾ (ಇಡ್ಲಿಯಂಥ ತಿಂಡಿ) ಉಬ್ಬುವುದೂ ಅದರಿಂದಲೇ. ಆದರೆ ಅದು ಮರದಿಂದ ಇಳಿದದ್ದು, ಆದ್ದರಿಂದ ದೋಷವಿಲ್ಲ ಅನ್ನುವುದು ಸರಿಯಲ್ಲ. ಇಳಿಸಿದ ಕೂಡಲೇ ಸಿಹಿಯಾಗಿರುವ ರಸ ಗಾಳಿಯಲ್ಲಿರುವ ಈಸ್ಟಿನಿಂದ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ನಾಲ್ಕೈದು ಶೇಕಡಾ ಆಲ್ಕೋಹಾಲು ಬರುತ್ತದೆ. ಅಂದರೆ ಮಾಮೂಲಿ ಬಿಯರಿನಷ್ಟು. ಆಲ್ಕೋಹಾಲು ಎಲ್ಲಿಂದ ಬಂದರೂ ಅದೇ ಆಲ್ಕೋಹಾಲು.

ಹಾಗಾದರೆ ತಂದೆಯವರಿಗೆ ಏನೂ ಆಗಲಿಲ್ಲವಲ್ಲ? ಲೆಕ್ಕ ಹಾಕಿ ನೋಡಿ. ಅವರು ಸಂಜೆ ಅರ್ಧ ಲೀಟರ್ ಕಲಿ ಕುಡಿದಿದ್ದರೆ ಅದು ಸುಮಾರು 20 ಗ್ರಾಂ. ನಿಮ್ಮ ಒಂದು ರಾತ್ರಿ ಅವರ ಮೂರು ದಿನ. ಕತ್ತಲಾಗುವ ಮೊದಲೇ ಕುಡಿದು, ಗಂಜಿ ಉಂಡು, ಎಂಟೂವರೆಗೆ ಮಲಗಿದವರು ಅವರಾಗಿದ್ದರೆ ನಿದ್ದೆ ಹತ್ತುವ ಹೊತ್ತಿಗೆ ಹೆಚ್ಚಿನದು ಕರಗಿಯಾಗಿತ್ತು. ದಿನವಿಡೀ ಗದ್ದೆಯೋ ತೋಟವೋ ದುಡಿದ ಮೈ ಬೇರೆ. ನೀವು ಕುರ್ಚಿಯಿಂದ ಎದ್ದು ಗಾಡಿಯಲ್ಲಿ ಕೂತು, ಗಾಡಿಯಿಂದ ಇಳಿದು ಸೋಫಾದಲ್ಲಿ ಕೂರುವವರು. ಇನ್ನೂ ಒಂದು ಮಾತು, ನೋವಿನದ್ದು. 84 ಬದುಕಿದವರ ಕತೆ ಮನೆಯಲ್ಲಿ ಉಳಿಯುತ್ತದೆ. ಅದೇ ಗಡಂಗಿನಲ್ಲಿ ಅವರ ಪಕ್ಕ ಕೂತು 50ಕ್ಕೆ ಹೋದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಹಾಗೆ ಹೋದವರ ಮಕ್ಕಳನ್ನು ನಾನು ವಾರ್ಡಿನ ಹೊರಗೆ ನೋಡಿದ್ದೇನೆ.

ರೆಡ್ ವೈನಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹೃದಯಕ್ಕೆ ಒಳ್ಳೆಯದು ಅಂತ ಹಿಂದೆ ಬಂದ ಅಧ್ಯಯನಗಳಲ್ಲಿ ಒಂದು ದೋಷ ಇತ್ತು. ಕುಡಿಯದವರ ಗುಂಪಿನಲ್ಲಿ, ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಹಾಗಾಗಿ ಸ್ವಲ್ಪ ಕುಡಿಯುವವರೇ ಹೆಚ್ಚು ಆರೋಗ್ಯವಂತರ ಹಾಗೆ ಕಂಡರು. ಹೃದಯಕ್ಕೆ ಔಷಧಿ ಅಂತ ಯಾವ ವೈದ್ಯರೂ ಇವತ್ತು ವೈನ್ ಬರೆದುಕೊಡುವುದಿಲ್ಲ. 100 ಮಿ.ಲೀ. ವೈನಿನಲ್ಲೂ ಸಣ್ಣ ಪೆಗ್ಗಿನಷ್ಟೇ ಆಲ್ಕೋಹಾಲು. ರುಚಿ ಇಷ್ಟ ಆದರೆ ಕುಡಿಯಿರಿ, ಹೃದಯದ ಹೆಸರಿನಲ್ಲಿ ಬೇಡ.

ನನ್ನನ್ನು ಹೆಚ್ಚು ಹೆದರಿಸುವ ನಂಬಿಕೆ ಬೇರೊಂದಿದೆ. ನೀವು ಅದನ್ನು ನೇರವಾಗಿ ಬರೆದಿಲ್ಲ, ಆದರೆ ‘ಗಲಾಟೆ ಮಾಡಿದ್ದಿಲ್ಲ, ರಜೆ ಹಾಕಿದ್ದಿಲ್ಲ’ ಅನ್ನುವ ಸಾಲಿನ ಹಿಂದೆ ಅದೇ ಇದೆ. ಮೂರು ಪೆಗ್ ಹಾಕಿದರೂ ತಲೆಗೆ ಏರದವನು ಗಟ್ಟಿಗ ಅನ್ನುವ ನಂಬಿಕೆ ಅದು. ತಲೆಗೆ ಏರುವುದಿಲ್ಲ ಅಂದರೆ ಮಿದುಳು ಒಗ್ಗಿಕೊಂಡಿದೆ ಅಂತ ಅರ್ಥ. ಲಿವರ್, ರಕ್ತನಾಳ, ಅನ್ನನಾಳ ಹಾಗೆ ಒಗ್ಗಿಕೊಳ್ಳುವುದಿಲ್ಲ. ಒಂದೇ ಪೆಗ್ಗಿಗೆ ತಲೆ ಸುತ್ತುವವನು ಅಲ್ಲಿಗೇ ನಿಲ್ಲಿಸುತ್ತಾನೆ. ಏರದವನಿಗೆ ನಿಲ್ಲಿಸಲಿಕ್ಕೆ ಕಾರಣವೇ ಸಿಗುವುದಿಲ್ಲ. ಲಿವರ್ ಪೂರ್ತಿ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ನನ್ನ ಮುಂದೆ ಬಂದವರಲ್ಲಿ ಬೀದಿಯಲ್ಲಿ ಬಿದ್ದವರಿಗಿಂತ ಹೆಚ್ಚು, ಒಂದು ದಿನವೂ ಕೆಲಸ ತಪ್ಪಿಸದ ಮರ್ಯಾದಸ್ಥರು. ಬಂಗುಡೆ ಫ್ರೈಯೋ ಚಿಕನ್ ಸುಕ್ಕವೋ ಜೊತೆಗಿದ್ದರೆ ಲಿವರಿಗೆ ರಕ್ಷಣೆ ಅನ್ನುವುದೂ ಹೀಗೇ. ಊಟ ಮೊದಲು ಆಗಿದ್ದರೆ ಆಲ್ಕೋಹಾಲು ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಷ್ಟು ಹೌದು. ಕುಡಿದ ಒಟ್ಟು ಗ್ರಾಮಿನ ಲೆಕ್ಕ ಮಾತ್ರ ಅಷ್ಟೇ ಇರುತ್ತದೆ. ಉಪ್ಪು ಖಾರದ ಸೈಡ್ಸ್ ಬಾಯಾರಿಕೆ ತಂದು ಇನ್ನೊಂದು ಗ್ಲಾಸಿಗೆ ಕರೆಯುತ್ತದೆ.

ಈಗ ಸಮಾಧಾನದ ಮಾತು. ನಿಮ್ಮ ಬಿಪಿಯೂ ಫ್ಯಾಟಿ ಲಿವರೂ ಈಗಿರುವ ಹಂತದಲ್ಲಿ ಹಿಂದಕ್ಕೆ ಬರಬಲ್ಲವು. ಕುಡಿತದಿಂದ ಏರಿದ ಬಿಪಿ, ನಿಲ್ಲಿಸಿದ ಕೆಲವು ವಾರಗಳಲ್ಲೇ ಇಳಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲೊರಿ ಉಂಟು. ನಿಮ್ಮ ವಾರದ 335 ಗ್ರಾಂ ಅಂದರೆ 2300 ಚಿಲ್ಲರೆ ಕ್ಯಾಲೊರಿ, ಒಂದು ದಿನದ ಪೂರ್ತಿ ಊಟದಷ್ಟು. ವಾರಕ್ಕೆ ಎಂಟು ದಿನದ ಊಟ ಮಾಡಿದ ಹಾಗೆ. ಲಿವರಿನಲ್ಲಿ ಕೊಬ್ಬು ಕೂರಲಿಕ್ಕೆ ಅದೂ ಒಂದು ಕಾರಣ.

ನಿಮ್ಮ ಮನೆಯವರು ಹೇಳಿದ ‘ಕುಡುಕ’ ಎಂಬ ಶಬ್ದವನ್ನು ನಾನು ಆಸ್ಪತ್ರೆಯಲ್ಲಿ ಬಳಸುವುದಿಲ್ಲ. ಅದರಿಂದ ನಾಚಿಕೆ ಬರುತ್ತದೆ, ನಾಚಿಕೆಯಿಂದ ಕದ್ದು ಕುಡಿಯುವುದು ಶುರುವಾಗುತ್ತದೆ. ನಾನು ಕೇಳುವುದು ಬೇರೆ ಪ್ರಶ್ನೆ. ಬುಧವಾರ, ಗುರುವಾರ ಬೆಳಗ್ಗೆ ಕೈ ನಡುಗುತ್ತದೆಯಾ? ಕಾರಣವಿಲ್ಲದೆ ಬೆವರು, ವಾಕರಿಕೆ, ಚಡಪಡಿಕೆ ಇದೆಯಾ? ಎರಡು ಅಂತ ಕೂತು ನಾಲ್ಕು ಆದ ದಿನಗಳು ಎಷ್ಟು? ರಾತ್ರಿ ಆಡಿದ ಮಾತು ಬೆಳಗ್ಗೆ ನೆನಪಿಲ್ಲದ ದಿನ ಇದೆಯಾ? ಕೈ ನಡುಗುತ್ತದೆ ಅಂತಾದರೆ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ದೇಹ ಒಗ್ಗಿಹೋದವರು ದಿಢೀರನೆ ಬಿಟ್ಟಾಗ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಕೇಳುವುದು, ತೀವ್ರ ಗೊಂದಲ ಬರಬಹುದು. ಪ್ರಾಣಕ್ಕೇ ಅಪಾಯ ಅದು. ಅಂಥವರಿಗೆ ಆಸ್ಪತ್ರೆಯಲ್ಲಿ ವಿಟಮಿನ್ ಬಿ1 ಮತ್ತು ಬೇರೆ ಔಷಧಿ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ನೀವು ವಾರದಲ್ಲಿ ಎರಡು ದಿನ ತೊಂದರೆಯಿಲ್ಲದೆ ಇರುತ್ತೀರಾದರೆ ಆ ಭಯ ಕಡಿಮೆ.

ಹಾಗಿದ್ದರೆ ಮುಂದೇನು? ನಿಮ್ಮ ಮುಂದೆ ಮೂರು ದಾರಿ ಇವೆ. ಯಾವುದು ಒಳ್ಳೆಯದು ಅಂತ ನನಗೊಂದು ಅಭಿಪ್ರಾಯ ಉಂಟು, ಮುಚ್ಚಿಡುವುದಿಲ್ಲ.

ಪೂರ್ತಿ ಬಿಡುವುದು ಮೊದಲನೆಯದು. ಫ್ಯಾಟಿ ಲಿವರ್ ಇರುವವರಿಗೆ, ಬಿಪಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ವೈದ್ಯಶಾಸ್ತ್ರದಲ್ಲಿ ಇಲ್ಲ. ಮನಸ್ಸಿಲ್ಲ ಅಂತ ನೀವು ಬರೆದಿದ್ದೀರಿ, ಆದರೂ ಇದನ್ನು ಹೇಳದೆ ಬಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ.

ಎರಡನೆಯದು, ಇವತ್ತಿನಿಂದಲೇ ಕಡಿಮೆ ಮಾಡುವುದು. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ಇದೇ ಕಷ್ಟ. ಯಾಕೆಂದರೆ ಇನ್ನೊಂದು ಬೇಡ ಅಂತ ತೀರ್ಮಾನಿಸಬೇಕಾದ ಮಿದುಳು ಆ ಹೊತ್ತಿಗೆ ಒಂದು ಪೆಗ್ ಕುಡಿದಾಗಿರುತ್ತದೆ.

ಮೂರನೆಯದು ನಾನು ನಿಮಗೆ ಹೇಳುವುದು. ನಾಲ್ಕು ವಾರ ಪೂರ್ತಿ ನಿಲ್ಲಿಸಿ, ಆಮೇಲೆ ಬೇಕಿದ್ದರೆ ಅಳತೆಯಲ್ಲಿ ಶುರು ಮಾಡಿ. ಈ ನಾಲ್ಕು ವಾರದಲ್ಲಿ ಒಗ್ಗಿಹೋದ ಮಿದುಳು ಹಿಂದಕ್ಕೆ ಬರುತ್ತದೆ, ಅಷ್ಟು ಕಡಿಮೆಯಲ್ಲೇ ಸಾಕೆನಿಸುತ್ತದೆ. ಮೊದಲ ವಾರ ನಿದ್ದೆ ಇನ್ನೂ ಕೆಡುತ್ತದೆ, ಸಿಡುಕು ಬರುತ್ತದೆ. ‘ಬಿಟ್ಟದ್ದೇ ತಪ್ಪಾಯಿತು’ ಅಂತ ನಾಲ್ಕನೇ ಐದನೇ ರಾತ್ರಿ ಅನಿಸಿದರೆ ಹೆದರಬೇಡಿ, ಎರಡನೇ ವಾರದಿಂದ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ನಾಲ್ಕು ವಾರ ಬಿಡಲಿಕ್ಕೆ ಆಗಲೇ ಇಲ್ಲ ಅಂತಾದರೆ ಅದೂ ಒಂದು ರಿಪೋರ್ಟ್ ಅಂತ ತಿಳಿಯಿರಿ, ನಿಮ್ಮ ಸ್ಕ್ಯಾನಿಂಗ್ ರಿಪೋರ್ಟಿನಷ್ಟೇ ಮುಖ್ಯವಾದದ್ದು. ಆಗ ನಿಮ್ಮ ಮಟ್ಟಿಗೆ ಮಿತಿಯ ಕುಡಿತ ಅನ್ನುವುದು ನಡೆಯುವ ಮಾತಲ್ಲ, ಸಹಾಯ ಬೇಕು. ಸೆಳೆತ ಕಡಿಮೆ ಮಾಡುವ ಒಳ್ಳೆಯ ಮಾತ್ರೆಗಳು ಈಗ ಉಂಟು. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು, ಹೆಸರು ಹೇಳದೆ ಮಾತಾಡಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ನಾಲ್ಕು ವಾರ ಆದ ಮೇಲೆ, ಬಿಪಿ ಇಳಿದಿದ್ದರೆ, ವಾರಕ್ಕೆ ಹೆಚ್ಚೆಂದರೆ ಮೂರು ದಿನ, ಒಂದು ದಿನಕ್ಕೆ ಅಳೆದ 60 ಮಿ.ಲೀ. ಅದಕ್ಕೆ ಒಂದು ಉಪಾಯ. ಮನೆಗೆ ಫುಲ್ ಬಾಟಲಿ ತರುವುದನ್ನು ನಿಲ್ಲಿಸಿ. ಒಂದು ಕ್ವಾರ್ಟರ್ ತನ್ನಿ, 180 ಮಿ.ಲೀ., ಅದು ನಿಮ್ಮ ಇಡೀ ವಾರದ್ದು. ದುಡ್ಡಿನ ಲೆಕ್ಕದಲ್ಲಿ ಫುಲ್ ಬಾಟಲಿಯೇ ಅಗ್ಗ ಅಂತ ಅನಿಸಬಹುದು, ಆ ಅಗ್ಗವೇ ನಿಮ್ಮ ಪೆಗ್ಗನ್ನು 94ಕ್ಕೆ ಏರಿಸಿದ್ದು. ಭಾನುವಾರ ಭಾವನ ಜೊತೆ ಬಿಯರ್ ಬೇಕಿದ್ದರೆ ಮಾಮೂಲಿ ಬಿಯರಿನ ಒಂದು ಸಣ್ಣ ಬಾಟಲಿ. ಅದು 330 ಮಿ.ಲೀ., 13 ಗ್ರಾಂ. ಮೂರು ದಿನಗಳಲ್ಲಿ ಅದೂ ಒಂದು ದಿನ.

ಹೊತ್ತಿನ ವಿಷಯ. ಈಗ ನೀವು ಖಾಲಿ ಹೊಟ್ಟೆಯಲ್ಲಿ ಒಂಬತ್ತಕ್ಕೆ ಶುರು ಮಾಡಿ, ಕೊನೆಯ ಗುಟುಕಿನ ಮೇಲೇ ಊಟ ಮಾಡಿ ಮಲಗುತ್ತೀರಿ. ಇದನ್ನು ತಿರುಗಿಸಿ. ಏಳೂವರೆಗೆ ಊಟಕ್ಕೆ ಕೂತು, ಊಟದ ಜೊತೆಗೇ ನಿಧಾನವಾಗಿ ಕುಡಿಯಿರಿ, ನೀರನ್ನೂ ಕುಡಿಯಿರಿ. ಎಂಟಕ್ಕೆ ಮುಗಿಸಿ. ಹನ್ನೊಂದಕ್ಕೆ ಮಲಗುವ ಹೊತ್ತಿಗೆ 20 ಗ್ರಾಂ ಬಹುಮಟ್ಟಿಗೆ ಕರಗಿರುತ್ತದೆ, ಮೂರು ಗಂಟೆಯ ಎಚ್ಚರಕ್ಕೆ ಕಾರಣ ಉಳಿಯುವುದಿಲ್ಲ. ಒಂಬತ್ತು ಗಂಟೆಯ ಆ ಕುರ್ಚಿಯಲ್ಲಿ ಸ್ವಲ್ಪ ದಿನ ಕೂರಬೇಡಿ. ಅಭ್ಯಾಸ ಅರ್ಧ ಗ್ಲಾಸಿನಲ್ಲಿದ್ದರೆ ಇನ್ನರ್ಧ ಆ ಜಾಗ, ಆ ಟಿವಿ, ಆ ಹೊತ್ತಿನಲ್ಲಿ ಇರುತ್ತದೆ.

ಟ್ಯೂಷನ್ ಇರುವ ದಿನ ಒಂದು ಹನಿಯೂ ಬೇಡ. ಇಲ್ಲಿ ನನಗೆ ರಾಜಿ ಇಲ್ಲ. ಕಾನೂನಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಗಾಡಿ ಓಡಿಸುವಂತಿಲ್ಲ. 70 ಕೆ.ಜಿ. ತೂಕದವರಿಗೆ ಒಂದೇ ದೊಡ್ಡ ಪೆಗ್ ಆ ಗೆರೆ ದಾಟಿಸಬಲ್ಲದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಹಾಗಿರಲಿ, ರಾತ್ರಿ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಹಿಂದೆ ಮಗಳನ್ನು ಕೂರಿಸಿಕೊಂಡು ಬರುವವರು ನೀವು.

ಮನೆಯಲ್ಲಿ ಇಷ್ಟು ಮಾಡಿದರೂ ಮೆಹಂದಿಯ ರಾತ್ರಿ ಎಲ್ಲ ಕೆಡುತ್ತದೆ ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ನಮ್ಮ ಕಡೆ ಮದುವೆಗಿಂತ ಮೆಹಂದಿಯ ರಾತ್ರಿಯೇ ಜೋರು. ‘ಒಂಜಿ ಪೆಗ್‌ಡ್ ದಾಲಾ ಆಪುಜಿ’ (ಒಂದು ಪೆಗ್ಗಿನಿಂದ ಏನೂ ಆಗುವುದಿಲ್ಲ) ಅನ್ನುವವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಜೊತೆ ವಾದ ಮಾಡಬೇಡಿ, ಲಿವರಿನ ಪಾಠ ಹೇಳಬೇಡಿ. ‘ಗಾಡಿ ಉಂಟು ಮಾರಾಯ್ರೆ’ ಅಂದರೆ ಸಾಕು. ಕೈಯಲ್ಲಿ ಮೊದಲೇ ಸೋಡಾ ಶರಬತ್ತೋ ಬೊಂಡವೋ (ಎಳನೀರು) ಇದ್ದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಖಾಲಿ ಕೈ ಕಂಡಾಗಲೇ ಗ್ಲಾಸ್ ಬರುವುದು.

ನಿಮ್ಮ ಮನೆಯವರಿಗೂ ಒಂದು ಮಾತು, ಇದನ್ನು ಅವರಿಗೆ ಓದಿ ಹೇಳಿ. ಅಮ್ಮಾ, ಗೊತ್ತಾಗದ ಹಾಗೆ ಊಟದಲ್ಲಿ ಹಾಕಿದರೆ ಕುಡಿತ ಬಿಡಿಸುತ್ತದೆ ಅಂತ ಪುಡಿಯನ್ನೋ ಮಾತ್ರೆಯನ್ನೋ ಯಾರಾದರೂ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ, ಅದು ತಿಳಿಯದೆ ಅವರು ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದು, ಹೃದಯಕ್ಕೇ ತೊಂದರೆಯಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲೇ ಕೊಡಬೇಕಾದ ಔಷಧಿ ಅದು. ಹೀಗೆ ಕದ್ದು ಕೊಟ್ಟು ಗಂಡನನ್ನು ಐಸಿಯುಗೆ ತಂದ ಒಬ್ಬ ಹೆಂಗಸು ತನ್ನ ಪ್ರೀತಿಯೇ ತಪ್ಪಾಯಿತು ಅಂತ ಅತ್ತದ್ದು ನನಗೆ ಇನ್ನೂ ಮರೆತಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅವರು ಕುಡಿದಿರುವ ಹೊತ್ತಿನಲ್ಲಿ ಹೇಳಿದರೆ ಆ ಮಾತು ದಂಡ. ಬೆಳಗ್ಗೆ ಹೇಳಿ.

ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಎಸ್‌ಜಿಒಟಿ, ಎಸ್‌ಜಿಪಿಟಿ, ಜಿಜಿಟಿ (ಈ ಮೂರು ಲಿವರಿನವು), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಸಕ್ಕರೆ. ನಾಲ್ಕು ವಾರದ ಮೇಲೆ ಇದೇ ಪರೀಕ್ಷೆಗಳನ್ನು ಮತ್ತೊಮ್ಮೆ, ಸ್ಕ್ಯಾನಿಂಗ್ ಮೂರು ತಿಂಗಳ ಮೇಲೆ. ಬಿಪಿಯನ್ನು ವಾರಕ್ಕೆ ಮೂರು ದಿನ ಬೆಳಗ್ಗೆ ಕಾಫಿಗೆ ಮೊದಲು ನೋಡಿ ಒಂದು ಪುಸ್ತಕದಲ್ಲಿ ಬರೆಯಿರಿ. ನಾಲ್ಕು ವಾರ ಬಿಟ್ಟ ಮೇಲೂ ಅದು 140/90ರ ಮೇಲೇ ಇದ್ದರೆ ಮಾತ್ರೆ ಬೇಕಾಗುತ್ತದೆ, ಅದನ್ನು ಮುಂದೂಡಬೇಡಿ. ಪಕ್ಕದಲ್ಲೇ ಎರಡು ಸಣ್ಣ ಕಲಂ ಹಾಕಿ. ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಯಿತು ಅಂತ ಒಂದರಲ್ಲಿ, ವಾಕಿಂಗ್ ಹೋದಿರಾ ಇಲ್ಲವಾ ಅಂತ ಇನ್ನೊಂದರಲ್ಲಿ. ವೈದ್ಯರ ಹತ್ತಿರ ಹೋಗುವಾಗ ಆ ಪುಸ್ತಕವನ್ನೂ ನಿಮ್ಮ ಗ್ಲಾಸನ್ನೂ ತೆಗೆದುಕೊಂಡು ಹೋಗಿ.